ಮಳೆಗಾಲದ ಗುಡ್ಡಕ್ಕೆ ಯಾವ ಜಿಪಿಎಸ್? ಇಟ್ರೆಕ್ಸ್ 22ಎಕ್ಸ್ ಬಳಸಿದ ಅನುಭವ

ಚಿಕ್ಕಮಗಳೂರಿನ ಗುಡ್ಡಗಳಲ್ಲಿ ತಿರುಗಾಡೋಕೆ ಫೋನ್ ಸಾಲದಾ, ಬೇರೆ ಜಿಪಿಎಸ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಬೇಸಿಗೆಯಲ್ಲಿ ಮಾತ್ರ ನಡೆಯುವವರಾದರೆ ಫೋನ್ ಸಾಕು, ದುಡ್ಡು ಉಳಿಸಿಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೂ ಹೊರಗೆ ಓಡಾಡುವವರಿಗೆ ಬೇಕು. ನಾನು ಎರಡನೇ ಗುಂಪಿನವನು. ಮೂಡಿಗೆರೆ ಕಡೆ ಕಾಫಿ ತೋಟ, ಬಿಡುವಾದಾಗ ಗುಡ್ಡ. ಗಾರ್ಮಿನ್ ಕಂಪನಿಯ, ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಇಟ್ರೆಕ್ಸ್ 22ಎಕ್ಸ್ ಹಲವು ಮಳೆಗಾಲ ನೋಡಿದೆ, ಈಗಲೂ ನನ್ನ ಜರ್ಕಿನ್ ಜೇಬಿನಲ್ಲೇ ಇದೆ. ಇದು 2019ರಲ್ಲಿ ಬಂದ ಮಾಡೆಲ್. ಅಂದರೆ ಹಳೆಯದು. ಆದರೂ ಇದರ ಬಗ್ಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಕಡೆಯ ಮಳೆಗೆ ಯಾವ ಗುಣ ನೋಡಿ ಕೊಳ್ಳಬೇಕು ಅನ್ನೋದು ಇದನ್ನು ಬಳಸಿಯೇ ನನಗೆ ಅರ್ಥವಾಯಿತು.

ಮೊದಲು ಫೋನಿನ ವಿಷಯ. ಟವರ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ಕೆಲಸ ಮಾಡಲ್ಲ ಅನ್ನೋ ನಂಬಿಕೆ ಇನ್ನೂ ಇದೆ. ಅದು ಸರಿಯಲ್ಲ. ಜಿಪಿಎಸ್ ಸಿಗ್ನಲ್ ಬರುವುದು ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ, ಮೊಬೈಲ್ ಟವರಿನಿಂದ ಅಲ್ಲ. ಆರ್ಗಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆಂಡ್ ಅನ್ನೋ ಆ್ಯಪ್‌ನಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೋದರೆ ಟವರ್ ಸಿಗದ ಕಾಡಿನ ನಡುವೆಯೂ ಫೋನ್ ಜಾಗ ತೋರಿಸುತ್ತದೆ. ಈಗಿನ ಹಲವು ಫೋನುಗಳು ಉಪಗ್ರಹದ ಸಿಗ್ನಲನ್ನು ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬೇರೆ ತರಂಗಾಂತರದಲ್ಲಿ ಹಿಡಿಯುತ್ತವೆ, ಹಾಗಾಗಿ ನಿಖರತೆಯಲ್ಲಿ ನನ್ನ ಇಟ್ರೆಕ್ಸ್‌ಗಿಂತ ಮುಂದೇ ಇರಬಹುದು.

ಸಮಸ್ಯೆ ಇರೋದು ನೀರಿನಲ್ಲಿ. ಚಾರ್ಮಾಡಿ ಸುತ್ತಮುತ್ತ ಜುಲೈ ಮಳೆಯಲ್ಲಿ ಫೋನ್ ತೆಗೆದು ನೋಡಿ. ಒದ್ದೆ ಬೆರಳನ್ನು ಟಚ್‌ಸ್ಕ್ರೀನ್ ಕೇಳುವುದಿಲ್ಲ. ಮೇಲೆ ಬಿದ್ದ ಹನಿಯನ್ನೇ ಬೆರಳು ಅಂದುಕೊಂಡು ನಕ್ಷೆ ಎಲ್ಲೆಲ್ಲಿಗೋ ಹೋಗುತ್ತದೆ. ಒರೆಸೋಕೆ ಒಣ ಬಟ್ಟೆ ಇರಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಒಳಗೆ ಹಬೆ ಕಟ್ಟುತ್ತದೆ. ಜೊತೆಗೆ ಟವರ್ ಹುಡುಕಿ ಹುಡುಕಿ ಚಾರ್ಜ್ ಬೇರೆ ಇಳಿದಿರುತ್ತದೆ. ಏನಾದರೂ ಹೆಚ್ಚುಕಮ್ಮಿ ಆದರೆ ಯಾರಿಗಾದರೂ ಕರೆ ಮಾಡೋಕೆ ಇರುವುದು ಅದೊಂದೇ ಅಲ್ವಾ? ಅದರ ಚಾರ್ಜನ್ನು ದಾರಿ ನೋಡೋಕೆ ಖರ್ಚು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇಟ್ರೆಕ್ಸ್‌ನಲ್ಲಿ ಟಚ್ ಇಲ್ಲ. ಬದಿಯಲ್ಲಿ ಬಟನ್‌ಗಳು, ಎದುರಿಗೆ ಹೆಬ್ಬೆರಳಲ್ಲಿ ಆಡಿಸುವ ಒಂದು ಪುಟ್ಟ ಕಡ್ಡಿ, ಅಷ್ಟೇ. ಕೈ ಒದ್ದೆಯಿರಲಿ, ಕೆಸರಾಗಿರಲಿ, ತೋಟದ ಗ್ಲೌಸ್ ಹಾಕಿರಲಿ, ಒತ್ತಿದರೆ ಕೇಳುತ್ತದೆ. ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ಒಂದೇ ಕೈಯಲ್ಲಿ ನಕ್ಷೆ ದೊಡ್ಡದು ಮಾಡಬಹುದು. ನೀರಿನ ರಕ್ಷಣೆ ಐಪಿಎಕ್ಸ್7 ಮಟ್ಟದ್ದು, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು. ನಮ್ಮ ಮಳೆಗೆ ಇದು ಧಾರಾಳ. ಪರದೆ 2.2 ಇಂಚು ಮಾತ್ರ, ಫೋನಿನ ಬಣ್ಣ, ಹೊಳಪು ಇಲ್ಲ. ಆದರೆ ಬಿಸಿಲು ಬಿದ್ದಷ್ಟೂ ಇದು ಚೆನ್ನಾಗಿ ಕಾಣುತ್ತದೆ, ಹಗಲಲ್ಲಿ ಹಿಂಬದಿ ದೀಪವೇ ಬೇಡ.

ಇನ್ನು ಸೆಲ್. ಕೊಳ್ಳುವಾಗ ನಾನು ಬಟನ್ ಬಿಟ್ಟರೆ ಮೊದಲು ನೋಡುವುದು ಇದನ್ನೇ. ಗೋಡೆ ಗಡಿಯಾರಕ್ಕೆ ಹಾಕುವ ಎಎ ಪೆನ್ಸಿಲ್ ಸೆಲ್ ಎರಡು ಹಾಕಿದರೆ ನಡೆಯುತ್ತದೆ. ಕಂಪನಿ 25 ಗಂಟೆ ಅನ್ನುತ್ತದೆ. ಹಿಂಬದಿ ದೀಪ ಕಡಿಮೆ ಇಟ್ಟುಕೊಂಡರೆ ಎರಡು ದಿನದ ನಡಿಗೆಗೆ ನನಗೆ ಯಾವತ್ತೂ ಸಾಕಾಗಿದೆ. ಮುಗಿದರೆ ಕೊಟ್ಟಿಗೆಹಾರದ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ, ಆಗ ಚಾರ್ಜ್ ಮಾಡಬೇಕಾದ ಯಂತ್ರಕ್ಕಿಂತ ಸೆಲ್ ಹಾಕುವ ಯಂತ್ರ ಎಷ್ಟೋ ಮೇಲು. ಅಗ್ಗದ ಸೆಲ್ ಬೇಗ ಕುಗ್ಗುತ್ತದೆ, ಆಲ್ಕಲೈನ್ ಅಂತ ಬರೆದಿರೋದನ್ನೇ ತಗೊಳ್ಳಿ. ದಿನಬಳಕೆಗೆ ನಾನು ರೀಚಾರ್ಜ್ ಮಾಡುವ ನಿಕಲ್ ಸೆಲ್ ಹಾಕುತ್ತೇನೆ. ಅದನ್ನು ಹಾಕಿದಾಗ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಬಗೆ ಬದಲಾಯಿಸಲೇಬೇಕು. ಅದರ ವೋಲ್ಟೇಜ್ 1.2, ಮಾಮೂಲಿ ಸೆಲ್ಲಿನದು 1.5. ಬದಲಾಯಿಸದಿದ್ದರೆ ಸೆಲ್ ಎಷ್ಟು ಉಳಿದಿದೆ ಅನ್ನೋ ಲೆಕ್ಕ ತಪ್ಪು ಬರುತ್ತದೆ.

ಸಿಗ್ನಲ್ ಹೇಗೆ? ಮಂಜು, ಮೋಡ, ಮಳೆ ಯಾವುದೂ ಜಿಪಿಎಸ್ಸನ್ನು ತಡೆಯುವುದಿಲ್ಲ. ಎತ್ತಿನಭುಜದ ನೆತ್ತಿಯಲ್ಲಿ ಪಕ್ಕದಲ್ಲಿ ನಿಂತವರೇ ಕಾಣದಷ್ಟು ಮಂಜಿದ್ದರೂ ಜಾಗ ಸರಿಯಾಗಿಯೇ ತೋರಿಸುತ್ತದೆ. ತಡೆಯುವುದು ಒದ್ದೆ ಎಲೆ ಮತ್ತು ಕಣಿವೆ. ಗುಡ್ಡದ ಮಡಿಲಿನ ದಟ್ಟ ಶೋಲಾ ಕಾಡಿನ ಹಳ್ಳಕ್ಕೆ ಇಳಿದರೆ ಆಕಾಶ ಕಾಣುವುದೇ ಒಂದು ಚೂರು, ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬರುತ್ತದೆ, ದಾರಿಯ ಗೆರೆ ಅಡ್ಡಾದಿಡ್ಡಿ ಆಗುತ್ತದೆ. ತೋಟದಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ನೋಡಬಹುದು. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಆಗುವ ಮುಂಚೆ ಸಿಲ್ವರ್ ಓಕ್, ಹಲಸು, ಅತ್ತಿ ಎಲ್ಲ ಮುಚ್ಚಿಕೊಂಡಿರುವಾಗ ತಪ್ಪಿನ ಅಂದಾಜು ಜಾಸ್ತಿ ತೋರಿಸುತ್ತದೆ. ಕೊಂಬೆ ಇಳಿಸಿದ ಮೇಲೆ ಅದೇ ಜಾಗದಲ್ಲಿ ಮೂರು ಮೀಟರಿಗೆ ಬರುತ್ತದೆ.

ಇಲ್ಲೊಂದು ಅಭ್ಯಾಸ ಮಾಡಿಕೊಳ್ಳಿ. ಕಾಡಿಗೆ ಹೊಕ್ಕ ಮೇಲೆ ಯಂತ್ರ ಆನ್ ಮಾಡಬೇಡಿ. ಫೋನ್ ಆದರೆ ಉಪಗ್ರಹಗಳ ಮಾಹಿತಿಯನ್ನು ಇಂಟರ್‌ನೆಟ್‌ನಿಂದ ಬೇಗ ತರಿಸಿಕೊಳ್ಳುತ್ತದೆ. 22ಎಕ್ಸ್ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅದೂ ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಒಂದು ಉಪಗ್ರಹದ ಸ್ಥಾನದ ವಿವರಕ್ಕೇ ಸುಮಾರು 30 ಸೆಕೆಂಡ್. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರೋಕೆ 12.5 ನಿಮಿಷ. ತಿಂಗಳುಗಟ್ಟಲೆ ಬೀರುವಿನಲ್ಲಿ ಇಟ್ಟಿದ್ದನ್ನು ಹೊರತೆಗೆದ ದಿನ, ಹೊರಡುವ ಮುಂಚೆ ಅಂಗಳದಲ್ಲಿ ಕಾಲು ಗಂಟೆ ಇಡಿ. ಆಮೇಲೆ ತಕರಾರಿಲ್ಲ.

ಎತ್ತರದ ಬಗ್ಗೆ ಒಂದು ಮಾತು. ಮುಳ್ಳಯ್ಯನಗಿರಿಯ ಎತ್ತರ 1,925 ಮೀಟರ್ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಅಲ್ಲಿ ನಿಂತು ಫೋನ್ ನೋಡಿದರೆ ಕೆಲವು ಆ್ಯಪ್‌ಗಳು 1,840ರ ಆಸುಪಾಸು ತೋರಿಸುತ್ತವೆ. ಆ್ಯಪ್ ಕೆಟ್ಟಿಲ್ಲ. ಉಪಗ್ರಹ ಅಳೆಯುವುದು ಭೂಮಿಯ ಒಂದು ಲೆಕ್ಕದ ಆಕಾರದಿಂದ, ನಾವು ಹೇಳುವುದು ಸಮುದ್ರ ಮಟ್ಟದಿಂದ. ದಕ್ಷಿಣ ಭಾರತದಲ್ಲಿ ಗುರುತ್ವ ಕಡಿಮೆ ಇರುವುದರಿಂದ ಸಮುದ್ರ ಮಟ್ಟ ಆ ಆಕಾರಕ್ಕಿಂತ ಕೆಳಗಿದೆ, ನಮ್ಮ ಜಿಲ್ಲೆಯಲ್ಲಿ ಸುಮಾರು 80 ಮೀಟರಿಗೂ ಜಾಸ್ತಿ. ಇಟ್ರೆಕ್ಸ್ ಈ ತಿದ್ದುಪಡಿಯನ್ನು ತಾನೇ ಮಾಡಿಕೊಳ್ಳುತ್ತದೆ. ಆದರೂ ಜಿಪಿಎಸ್‌ನಲ್ಲಿ ಎತ್ತರದ ತಪ್ಪು ಅಡ್ಡಡ್ಡ ತಪ್ಪಿಗಿಂತ ಸಾಮಾನ್ಯವಾಗಿ ಜಾಸ್ತಿ, ಹತ್ತಿಪ್ಪತ್ತು ಮೀಟರ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

22ಎಕ್ಸ್‌ಗೂ ಇದೇ ಸಾಲಿನ ಇನ್ನೊಂದು ಮಾಡೆಲ್ ಆದ 32ಎಕ್ಸ್‌ಗೂ ಮುಖ್ಯ ವ್ಯತ್ಯಾಸ ಎರಡು. 32ಎಕ್ಸ್‌ನಲ್ಲಿ ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ವ್ಯವಸ್ಥೆ ಇದೆ, ಜೊತೆಗೆ ನಿಜವಾದ ದಿಕ್ಸೂಚಿ ಇದೆ. ಮೊದಲನೆಯದು ನಮಗೆ ಅಷ್ಟೇನೂ ಬೇಕಾಗಿಲ್ಲ. ಎರಡನೆಯದು ಬೇಕು. 22ಎಕ್ಸ್‌ಗೆ ನೀವು ನಡೆಯುತ್ತಿದ್ದರೆ ಮಾತ್ರ ದಿಕ್ಕು ಗೊತ್ತಾಗುತ್ತದೆ. ನಿಂತು ಸುತ್ತ ತಿರುಗಿದರೆ ಬಾಣ ತಿರುಗುವುದಿಲ್ಲ. ಬಲ್ಲಾಳರಾಯನ ದುರ್ಗದಿಂದ ಬಂಡಾಜೆ ಕಡೆಗೆ ಹೋಗುವ ಹುಲ್ಲುಗುಡ್ಡಗಳಲ್ಲಿ ಮಂಜು ಕವಿದರೆ ಎಲ್ಲ ದನದ ದಾರಿಯೂ ಒಂದೇ ಥರ ಕಾಣುತ್ತವೆ. ಅಲ್ಲಿ ಯಾವ ಕಡೆ ಹೆಜ್ಜೆ ಇಡಬೇಕು ಅನ್ನೋದೇ ಪ್ರಶ್ನೆ, ಕೆಳಗಡೆ ಕಡಿದಾದ ಇಳಿಜಾರು. ನಾನು ಒಂದು ಸಣ್ಣ ಮಾಮೂಲಿ ದಿಕ್ಸೂಚಿ ಕೊರಳಿಗೆ ಹಾಕಿಕೊಂಡಿರುತ್ತೇನೆ. ನಮ್ಮ ಭಾಗದಲ್ಲಿ ಅದು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ಮಾತ್ರ ವ್ಯತ್ಯಾಸ, ಲೆಕ್ಕಕ್ಕೆ ತಗೊಳ್ಳಬೇಕಾಗಿಲ್ಲ. ಹೊಸದಾಗಿ ಕೊಳ್ಳುವವರು ಸ್ವಲ್ಪ ಜಾಸ್ತಿ ಕೊಟ್ಟು 32ಎಕ್ಸ್ ತಗೊಂಡರೆ ಒಳ್ಳೆಯದು.

ಅದೇ ಮಂಜಿನಲ್ಲಿ ಈ ಯಂತ್ರ ಮಾಡುವ ದೊಡ್ಡ ಉಪಕಾರ ನಡೆದ ದಾರಿಯ ಗೆರೆ. ಆನ್ ಮಾಡಿ ಜೇಬಿಗೆ ಹಾಕಿಕೊಂಡರೆ ಸಾಕು, ಬಂದ ದಾರಿಯನ್ನು ಬರೆದಿಟ್ಟುಕೊಳ್ಳುತ್ತಾ ಹೋಗುತ್ತದೆ. ಟ್ರ್ಯಾಕ್‌ಬ್ಯಾಕ್ ಒತ್ತಿದರೆ ಅದೇ ಗೆರೆ ಮೇಲೆ ವಾಪಸ್ ಕರೆದುಕೊಂಡು ಬರುತ್ತದೆ. ಬೇರೆ ಯಾವ ಸೌಲಭ್ಯ ಇಲ್ಲದಿದ್ದರೂ ಇದೊಂದಕ್ಕೇ ನಾನು ಇದನ್ನು ಕೊಳ್ಳುತ್ತಿದ್ದೆ.

ನಕ್ಷೆಗೆ ಮೆಮೊರಿ ಕಾರ್ಡ್ ಹಾಕುವ ಜಾಗ ಇದೆ. ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆ ಆಧರಿಸಿ ಗಾರ್ಮಿನ್ ಯಂತ್ರಗಳಿಗೆ ಮಾಡಿದ ನಕ್ಷೆಗಳು ಬಿಟ್ಟಿಯಾಗಿ ಸಿಗುತ್ತವೆ. ಕಾರ್ಡಿನಲ್ಲಿ ಗಾರ್ಮಿನ್ ಅನ್ನೋ ಫೋಲ್ಡರ್ ಮಾಡಿ ಫೈಲ್ ಹಾಕಿದರೆ ಆಯಿತು. ಒಂದು ಎಚ್ಚರಿಕೆ: ಅದರಲ್ಲಿ ದಾರಿ ಇದೆ ಅಂದ ಮಾತ್ರಕ್ಕೆ ಅಲ್ಲಿ ಹೋಗಬಹುದು ಅಂತಲ್ಲ. ಎಷ್ಟೋ ಗೆರೆಗಳು ಯಾರದೋ ತೋಟದ ಒಳಗೆ, ಕಾರ್ಮಿಕರ ಲೈನ್ ಮನೆಗಳ ಅಂಗಳದಲ್ಲಿ ಹಾದು ಹೋಗುತ್ತವೆ. ಕೇಳಿಕೊಂಡು ಹೋದರೆ ಹೆಚ್ಚಿನವರು ಬಿಡುತ್ತಾರೆ. ಅರಣ್ಯದೊಳಗಿನ ಚಾರಣಕ್ಕೆ ಇಲಾಖೆಯ ಅನುಮತಿ ಬೇಕೇ ಬೇಕು.

ತೋಟದಲ್ಲಿ ಇದರ ಉಪಯೋಗ ಎಲ್ಲಿವರೆಗೆ? ಹಳ್ಳದ ಮೂಲ, ಪೈಪ್‌ಲೈನಿನ ಗೇಟ್‌ವಾಲ್ವ್, ಆನೆ ಬೇಲಿ ಮುರಿದ ಜಾಗ ಗುರುತು ಹಾಕೋಕೆ ಚೆನ್ನಾಗಿದೆ. ತೋಟದ ಲೆಕ್ಕಪತ್ರ ನೋಡುವ ನಮ್ಮ ರೈಟರ್ ಕೂಡ ಈಗ ಆರಾಮಾಗಿ ಬಳಸುತ್ತಾರೆ. ಕಾಂಡ ಕೊರೆಯುವ ಬೋರರ್ ಹುಳು ಹಿಡಿದ ಗಿಡ ಗುರುತಿಸೋಕೆ ಮಾತ್ರ ಆಗಲ್ಲ. ಅರೇಬಿಕಾ ಗಿಡಗಳ ನಡುವೆ ಇರುವುದೇ ಆರೇಳು ಅಡಿ, ಇದರ ತಪ್ಪೇ ಮೂರರಿಂದ ಐದು ಮೀಟರ್. ಗಿಡಕ್ಕೆ ಬಣ್ಣ ಹಚ್ಚುವುದೇ ಸರಿ.

ಸುತ್ತ ನಡೆದು ಬಂದರೆ ಎಕರೆ ಲೆಕ್ಕ ಹೇಳುವ ಸೌಲಭ್ಯವೂ ಇದೆ. ಗೊಬ್ಬರ, ಸ್ಪ್ರೇ ಅಂದಾಜಿಗೆ ಸಾಕು. ಆದರೆ ಪಕ್ಕದ ತೋಟದ ಹಿರಿಯರೊಬ್ಬರು, "ನಿಮ್ ಮಿಶಿನ್ನಲ್ಲಿ ನಮ್ ಬೇಲಿ ಒಂದ್ಸಲ ನೋಡಿ ಹೇಳಿ ಮಾರಾಯ್ರೆ" ಅಂದಾಗ ನಾನು ಕೈ ಮುಗಿದೆ. ಅವರಿಗೆ ಹೇಳಿದ ಲೆಕ್ಕ ನಿಮಗೂ ಹೇಳುತ್ತೇನೆ. 200 ಮೀಟರ್ ಉದ್ದದ ಗಡಿಯಲ್ಲಿ ಗೆರೆ ಐದು ಮೀಟರ್ ಆಚೆ ಹೋದರೆ 1,000 ಚದರ ಮೀಟರ್. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಹತ್ತಿರ ಹತ್ತು ಗುಂಟೆ ಜಾಗ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿಬಿಡುತ್ತದೆ. ಇಂಥ ಗೆರೆ ಇಟ್ಟುಕೊಂಡು ಅಣ್ಣತಮ್ಮಂದಿರು ಮಾತು ಬಿಡಬಾರದು. ಗಡಿ ಬೇಕಾದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಹಾಕಿ. ಸರ್ವೇಯರ್ ತರುವ ರೋವರ್ ಅನ್ನೋ ಅಳತೆ ಯಂತ್ರ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ, ಇದು ಅದಲ್ಲ.

ಯಾವ ಜಿಪಿಎಸ್ ತಗೊಂಡರೂ ಮೊದಲ ದಿನವೇ ಅಕ್ಷಾಂಶ ರೇಖಾಂಶ ಯಾವ ರೀತಿ ತೋರಿಸುತ್ತಿದೆ ನೋಡಿ. ಡಿಗ್ರಿ ದಶಾಂಶ ಒಂದು ಬಗೆ, ಡಿಗ್ರಿ-ನಿಮಿಷ ಇನ್ನೊಂದು ಬಗೆ. ಮುಳ್ಳಯ್ಯನಗಿರಿ 13.39 ಡಿಗ್ರಿ ಉತ್ತರದಲ್ಲಿದೆ. ನಿಮಿಷದ ಲೆಕ್ಕದಲ್ಲಿ ಅದು 13 ಡಿಗ್ರಿ 23 ನಿಮಿಷ ಚಿಲ್ಲರೆ. ಫೋನಿನಲ್ಲಿ "ಹದಿಮೂರು ಮೂವತ್ತೊಂಬತ್ತು" ಅಂದಿದ್ದನ್ನು ಆ ಕಡೆಯವರು 13 ಡಿಗ್ರಿ 39 ನಿಮಿಷ ಅಂತ ಬರೆದುಕೊಂಡರೆ, ಹುಡುಕೋಕೆ ಹೊರಟವರು ಸುಮಾರು 29 ಕಿಲೋಮೀಟರ್ ಉತ್ತರಕ್ಕೆ, ಲಕ್ಕವಳ್ಳಿ-ತರೀಕೆರೆ ಕಡೆ ಹೋಗಿರುತ್ತಾರೆ. ಗುಂಪಿನಲ್ಲಿ ಹೋಗುವವರೆಲ್ಲ ಡಿಗ್ರಿ ದಶಾಂಶಕ್ಕೆ ಹಾಕಿಕೊಳ್ಳಿ. ಫೋನಿನ ನಕ್ಷೆಗಳಲ್ಲಿ ಹೆಚ್ಚಾಗಿ ಇರುವುದೂ ಅದೇ.

ಇಷ್ಟವಾಗದ್ದು ಇಲ್ಲವೇ? ಇದೆ. ಹೆಸರು ಬರೆಯಬೇಕಾದರೆ ಕಡ್ಡಿ ಆಡಿಸಿ ಒಂದೊಂದೇ ಅಕ್ಷರ ಆರಿಸಬೇಕು. ಮಳೆಯಲ್ಲಿ ಅದು ಹಿಂಸೆ. ನಾನು ಯಂತ್ರ ಕೊಡುವ ಸಂಖ್ಯೆಯನ್ನೇ ಬಿಟ್ಟು, ಪುಸ್ತಕದಲ್ಲಿ ಗುರುತು ಬರೆದುಕೊಳ್ಳುತ್ತೇನೆ. ಕಂಪ್ಯೂಟರ್‌ಗೆ ಜೋಡಿಸೋಕೆ ಹಳೇ ಕಾಲದ ಮಿನಿ ಯುಎಸ್‌ಬಿ, ಅದರ ಕೇಬಲ್ ಈಗ ಅಂಗಡಿಯಲ್ಲಿ ಹುಡುಕಬೇಕು. ಬ್ಲೂಟೂತ್ ಇಲ್ಲ. ಉಪಗ್ರಹಗಳಲ್ಲಿ ಅಮೆರಿಕದ ಜಿಪಿಎಸ್ ಮತ್ತು ರಷ್ಯಾದ ಗ್ಲೋನಾಸ್ ಮಾತ್ರ. ಭಾರತದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದರಲ್ಲಿಲ್ಲ ಅನ್ನೋದು ನನಗೆ ಬೇಜಾರು.

ಬಿಸಿಲೆ ಘಾಟಿಯಂಥ ದಟ್ಟ ಕಾಡಿನಲ್ಲೇ ಹೆಚ್ಚು ಕೆಲಸ ಇರುವವರು ಗಾರ್ಮಿನ್‌ನದೇ ಎರಡು ಬ್ಯಾಂಡಿನ ಜಿಪಿಎಸ್‌ಮ್ಯಾಪ್ 65ಎಸ್ ನೋಡಬಹುದು. ಅದೂ ಎರಡು ಎಎ ಸೆಲ್ಲಿನದೇ, ಆದರೆ 16 ಗಂಟೆ. ಇಟ್ರೆಕ್ಸ್ ಎಸ್ಇ ಅಂತ 2023ರಲ್ಲಿ ಬಂದಿದೆ. ಸೆಲ್ ತುಂಬಾ ದಿನ ಬರುತ್ತದೆ, ಆದರೆ ಪರದೆ ಕಪ್ಪು-ಬಿಳುಪು, ಒಳಗೆ ನಕ್ಷೆ ಇಲ್ಲ. ಗೆರೆ ಹಿಡಿದು ವಾಪಸ್ ಬರೋಕೆ ಮಾತ್ರ ಬೇಕು ಅನ್ನುವವರಿಗೆ ಸರಿ. ಇನ್‌ರೀಚ್ ಹೆಸರಿನ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರವನ್ನು ವಿದೇಶದಿಂದ ಬರುವ ನೆಂಟರ ಕೈಲಿ ತರಿಸಬೇಡಿ. ಅನುಮತಿಯಿಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ಕೇಸ್ ಆದವರಿದ್ದಾರೆ. 22ಎಕ್ಸ್ ಬರೀ ಸಿಗ್ನಲ್ ಕೇಳಿಸಿಕೊಳ್ಳುತ್ತದೆ, ಮೆಸೇಜ್ ಕಳಿಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೂರು ಕಡೆ ನೋಡಿ. ಹಿಂದಿನ ಉಂಗುರ ತಿರುಗಿಸಿ ಮುಚ್ಚಳ ತೆಗೆದು, ಸೆಲ್ ಕೂರುವ ಸ್ಪ್ರಿಂಗಿಗೆ ಬಿಳಿ ಅಥವಾ ಹಸಿರು ಕಿಲುಬು ಹಿಡಿದಿದೆಯಾ ಅಂತ. ಯುಎಸ್‌ಬಿ ಮುಚ್ಚುವ ರಬ್ಬರ್ ಸರಿಯಾಗಿ ಕೂರುತ್ತದಾ ಅಂತ, ನೀರು ಹೋಗುವುದೇ ಅಲ್ಲಿಂದ. ಕಡ್ಡಿ ನಾಲ್ಕೂ ಕಡೆ ಒಂದೇ ಸಲಕ್ಕೆ ಕೇಳುತ್ತದಾ ಅಂತ. ನೋಡುವಾಗ ಬಯಲಲ್ಲಿ ನಿಂತು ನೋಡಿ, ಒಳಗೆ ಕೂತರೆ ಸಿಗ್ನಲ್ ಬರದೆ ಒಳ್ಳೇ ಯಂತ್ರವೂ ಕೆಟ್ಟಿದ್ದರ ಹಾಗೆ ಕಾಣುತ್ತದೆ.