ಐವತ್ತು ದಿರ್ಹಮ್ ಬುರ್ಕಾ, ಎರಡು ಮುರಿದ ಗರಿ

ಅಬುಧಾಬಿಯಲ್ಲಿ ಒಂದು ಅರಬ್ ಮನೆಯಲ್ಲಿ ನಾನು ಡ್ರೈವರ್. ಊರು ಕುಂದಾಪುರದ ಹತ್ತಿರ. ಒಂಬತ್ತು ವರ್ಷದಲ್ಲಿ ಯಾರ್ಯಾರನ್ನೋ ಕೂರಿಸಿಕೊಂಡು ಗಾಡಿ ಓಡಿಸಿದ್ದೇನೆ. ಬ್ರೇಕ್ ಹಾಕಲು ಹೆದರುವುದು ಮಾತ್ರ ಅರಬಾಬರ, ಅಂದರೆ ಯಜಮಾನರ, ಫಾಲ್ಕನ್ ಎಂಬ ಬೇಟೆ ಹಕ್ಕಿ ಹಿಂದಿನ ಸೀಟಿನಲ್ಲಿ ಕೂತಾಗ. ಜೀರ್ ಮತ್ತು ಶಾಹೀನ್ ಎಂಬ ಎರಡು ಫಾಲ್ಕನ್ ಜಾತಿ ಸೇರಿಸಿ ಹುಟ್ಟಿಸಿದ ಹೆಣ್ಣು ಹಕ್ಕಿ. ಊರಲ್ಲಿ ನಿಲ್ಲಿಸಿರುವ ನನ್ನ ಆಲ್ಟೋಗಿಂತ ಅದರ ಬೆಲೆ ಜಾಸ್ತಿ.

ಈ ವಿಮರ್ಶೆ ಎರಡು ವಿಷಯಕ್ಕೆ: ಒಂದು ಬುರ್ಕಾ, ಒಂದು ಆಸ್ಪತ್ರೆ. ಮೊದಲನೆಯದು ಕೆಟ್ಟದ್ದರಿಂದ ಎರಡನೆಯದರ ಬೆಲೆ ಗೊತ್ತಾಯಿತು.

ಬುರ್ಕಾ ಅಂದರೆ ಫಾಲ್ಕನ್ನಿನ ಕಣ್ಣು ಮುಚ್ಚುವ ಚರ್ಮದ ಟೋಪಿ. ಹಾಕಿದರೆ ಹಕ್ಕಿ ಕತ್ತಲೆ ಅಂದುಕೊಂಡು ಸುಮ್ನೆ ಕೂರುತ್ತದೆ. ಹಳೆಯದು ಸವೆದಿತ್ತು. ಹಕ್ಕಿ ನೋಡಿಕೊಳ್ಳುವ ಖಾನ್ ಭಾಯ್ 'ಅಳತೆ ನೋಡಿ ತಗೊಳ್ಳಿ' ಎಂದಿದ್ದರು. ನಾನು ಒಂದು ಸಣ್ಣ ಅಂಗಡಿಯಲ್ಲಿ ಚಂದದ ಕೆಂಪು ಗೊಂಡೆ ನೋಡಿ 50 ದಿರ್ಹಮ್ ಕೊಟ್ಟು ತಂದುಬಿಟ್ಟೆ. ಕೊಕ್ಕಿನ ಪಕ್ಕ ಕೂದಲೆಳೆಯಷ್ಟು ಸಂದು ಇತ್ತು. ಅಷ್ಟು ಸಾಕಾಯಿತು. ಸ್ವೈಹಾನ್ ರಸ್ತೆಯಲ್ಲಿ ಬಿಸಿಲು ಒಳಗೆ ಬಿದ್ದದ್ದೇ ತಡ, ಹಕ್ಕಿ ತಲೆ ಕೊಡವಿ, ಕೂರುವ ವಕರ್‌ನಿಂದ ತಲೆಕೆಳಗಾಗಿ ಜೋತು ರೆಕ್ಕೆ ಬಡಿಯಿತು. ಬಾಲದ ಎರಡು ಗರಿ ಅರ್ಧಕ್ಕೆ ಮುರಿದವು. ಅಂಗಡಿಯವನು 'ನಿಮ್ಮ ಹಕ್ಕಿಯ ತಲೆ ದೊಡ್ಡದು' ಅಂದ. ಆ ಬುರ್ಕಾಗೆ ಒಂದು ಸ್ಟಾರ್, ಅದೂ ಗೊಂಡೆಗೆ.

ಹೊರಟಿದ್ದದ್ದು ಹೇಗೂ ವಿಮಾನ ನಿಲ್ದಾಣದ ಹತ್ತಿರದ ಅಬುಧಾಬಿ ಫಾಲ್ಕನ್ ಹಾಸ್ಪಿಟಲ್‌ಗೇ. 1999ರಲ್ಲಿ ಶುರುವಾದದ್ದು. ವರ್ಷಕ್ಕೆ 11,000ಕ್ಕೂ ಹೆಚ್ಚು ಹಕ್ಕಿಗಳು ಬರುತ್ತವಂತೆ. ಬೇಸಿಗೆಯಲ್ಲಿ ಎಸಿ ಕೋಣೆಯಲ್ಲಿ ಗರಿ ಉದುರಿಸಿ ಹೊಸದು ಬೆಳೆಸಿಕೊಂಡ ಹಕ್ಕಿಗಳನ್ನು ಬೇಟೆಗೆ ಮೊದಲು ಇಲ್ಲಿ ತೋರಿಸುತ್ತಾರೆ. ಕಾಯುವ ಕೋಣೆ ನೋಡಬೇಕು ನೀವು. ಹಸಿರು ಹುಲ್ಲುಹಾಸು ಹೊದಿಸಿದ ಉದ್ದ ಕಟ್ಟೆಯ ಮೇಲೆ ಸಾಲಾಗಿ ಟೋಪಿ ಹಾಕಿದ ಫಾಲ್ಕನ್‌ಗಳು, ಎದುರಿಗೆ ಫೋನ್ ನೋಡುತ್ತಾ ನಾವು. ಮನುಷ್ಯರ ಆಸ್ಪತ್ರೆಗಿಂತ ಗಲಾಟೆ ಕಡಿಮೆ.

ತಪ್ಪು ನಮ್ಮದೂ ಒಂದಿತ್ತು. ಬೆಳಿಗ್ಗೆ ಖಾನ್ ಭಾಯ್ ಅದಕ್ಕೆ ಒಂದು ಕ್ವೇಲ್ ಹಕ್ಕಿ ತಿನ್ನಿಸಿದ್ದರು. ಪ್ರಜ್ಞೆ ತಪ್ಪಿಸುವ ಗ್ಯಾಸ್ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಅದು ಕರಗುವವರೆಗೆ ಕಾದೆವು. ಹೋಗುವವರು ನೆನಪಿಟ್ಟುಕೊಳ್ಳಿ.

ಊರಲ್ಲಿ ಕೋಳಿ ಅಂಕ ನೋಡಿ ಬೆಳೆದವನು ನಾನು. ಹುಂಜವನ್ನು ಕಂಕುಳಲ್ಲಿ ಒತ್ತಿ ಹಿಡಿಯುವುದು ಗೊತ್ತು. ಇಲ್ಲಿ ಹಾಗಿಲ್ಲ. ಮುಖಕ್ಕೆ ಮಾಸ್ಕ್ ಇಟ್ಟರು, ಸ್ವಲ್ಪ ಹೊತ್ತಿಗೇ ಹಕ್ಕಿಯ ಕತ್ತು ಬಾಗಿತು. ಒಬ್ಬರು ಉಗುರು, ಕೊಕ್ಕನ್ನು ಸಣ್ಣ ಯಂತ್ರದಲ್ಲಿ ತೀಡಿದರು. ಇನ್ನೊಬ್ಬರು ಡ್ರಾಯರ್ ಎಳೆದರು. ಒಳಗೆಲ್ಲ ಗರಿ! ಬೇರೆ ಹಕ್ಕಿಗಳಿಂದ ಉದುರಿದವು, ಜಾತಿ, ಅಳತೆ ನೋಡಿ ಜೋಡಿಸಿಟ್ಟದ್ದು. ಒಂದನ್ನು ಎತ್ತಿ ನಮ್ಮ ಹಕ್ಕಿಯ ಬಾಲದ ಪಕ್ಕ ಹಿಡಿದು, ಪಟ್ಟೆ ಕೂಡುವುದಿಲ್ಲ ಅಂತ ವಾಪಸ್ ಇಟ್ಟರು. ಮೂರನೆಯದು ಸರಿಹೋಯಿತು. ಮುರಿದ ಗರಿಯ ದಂಟನ್ನು ಕತ್ತರಿಸಿ, ಟೊಳ್ಳಿನೊಳಗೆ ತೆಳ್ಳಗಿನ ಕಡ್ಡಿ ತೂರಿಸಿ, ಹೊಸ ಗರಿಯನ್ನು ಅದಕ್ಕೆ ಸಿಕ್ಕಿಸಿ ಅಂಟು ಹಾಕಿದರು. ನಮ್ಮ ತೋಟದ ಕಸಿಯ ಹಾಗೆಯೇ ಅಲ್ವಾ? ಎದ್ದಾಗ ಯಾವುದು ಹಳೆಯದು, ಯಾವುದು ಹೊಸದು ಅಂತ ನನಗಂತೂ ತಿಳಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಇದೂ ಉದುರಿ ಅದರದ್ದೇ ಗರಿ ಬರುತ್ತದೆ.

ರಕ್ತ, ಹಿಕ್ಕೆ ಪರೀಕ್ಷೆಯೂ ಆಯಿತು. ಜೀರ್ ರಕ್ತದ ಹಕ್ಕಿಗೆ ಶ್ವಾಸಕೋಶದ ಬೂಷ್ಟಿನ ರೋಗ ಬೇಗ ತಗಲುತ್ತದೆ ಅಂತ ಅದನ್ನೂ ನೋಡಿದರು. ತೂಕ 1,280 ಗ್ರಾಂ. ಕೊಬ್ಬಿದ ಹಕ್ಕಿ ಕರೆದರೆ ಬರುವುದಿಲ್ಲ, ಹಸಿವಿದ್ದರೆ ಮಾತ್ರ ಬರುತ್ತದೆ. ಹಾಗಂತ ಒಮ್ಮೆಲೇ ಇಳಿಸಿದರೆ ಸೊರಗುತ್ತದೆ. ಖಾನ್ ಭಾಯ್ ದಿನಾ ಸಂಜೆ ತಕ್ಕಡಿಯ ಮೇಲೆ ಕೂರಿಸಿ, ಮಾಂಸ ಅಳೆದು ಕೊಟ್ಟು, ಮೂರು ವಾರದಲ್ಲಿ 1,130ಕ್ಕೆ ತಂದರು. ಆಮೇಲೆ ತಿಲ್ವಾ, ಅಂದರೆ ದಾರಕ್ಕೆ ಕಟ್ಟಿ ಬೀಸುವ ರೆಕ್ಕೆಗಳ ಗೊಂಚಲು. ಅದನ್ನು ಬೀಸಿ ಹಕ್ಕಿಯನ್ನು ಕರೆಯುವುದು, ಮೊದಲು ಹತ್ತು ಮಾರು ದೂರದಿಂದ, ಆಮೇಲೆ ಇನ್ನೂರು.

ಇಲ್ಲಿ ಕಾಡು ಹಕ್ಕಿ ಬೇಟೆಗೆ ನಿಷೇಧ ಇದೆ. ಅರಬಾಬ್ ಹೋಗುವುದು ಅಲ್ ಮರ್ಜೂಮ್ ಮೀಸಲಿಗೆ. ಅಲ್ಲಿ ಬೇಟೆಗೆಂದು ಸಾಕಿ ಬೆಳೆಸಿದ ಹುಬಾರಾ ಎಂಬ ದೊಡ್ಡ ಮರುಭೂಮಿ ಹಕ್ಕಿಗಳನ್ನು ಬಿಡುತ್ತಾರೆ.

ಆಸ್ಪತ್ರೆಗೆ ಐದಕ್ಕೆ ಐದು. ಫಾಲ್ಕನ್ ಇಲ್ಲದವರಿಗೂ ಒಳಗೆ ನೋಡಲು ಟೂರ್ ಇದೆ, ಮೊದಲೇ ಬುಕ್ ಮಾಡಿ. ಹಕ್ಕಿ ಇದ್ದವರು ಸೀಸನ್ ಹತ್ತಿರ ಬರುವವರೆಗೆ ಕಾಯಬೇಡಿ, ಆಗಸ್ಟ್ ಕೊನೆಗೇ ಹೋಗಿ. ಬುರ್ಕಾ ಕೊಳ್ಳುವಾಗ ಹಕ್ಕಿಯನ್ನೇ ಕರೆದುಕೊಂಡು ಹೋಗಿ ತಲೆಗೆ ಹಾಕಿ ನೋಡಿ. ನಮ್ಮ ಹೊಸದರಲ್ಲಿ ಗೊಂಡೆಯೇ ಇಲ್ಲ.

ಈ ಬೇಸಿಗೆಯಲ್ಲಿ ಉದುರಿದ ಗರಿಗಳನ್ನು ಖಾನ್ ಭಾಯ್ ಗುಡಿಸಿ ಬಿಸಾಡಲಿಲ್ಲ. ಹಳೆ ಪೇಪರಿನಲ್ಲಿ ಸುತ್ತಿ, ಎಡ, ಬಲ, ಬಾಲ ಅಂತ ನನ್ನ ಕೈಯಲ್ಲಿ ಬರೆಸಿ ಕಪಾಟಿನಲ್ಲಿಟ್ಟಿದ್ದಾರೆ. ನಾನು ಕನ್ನಡದಲ್ಲೇ ಬರೆದಿದ್ದೇನೆ.