ನಾಲ್ಕು ಕ್ಯಾಬಿನ್ನೋ, ಒಂದು ಚಾವಡಿಯೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಕ್ಲಬ್ಬಿನ ಮಕ್ಕಳನ್ನು ಕಟ್ಟಿಕೊಂಡು ನಾಲ್ಕು ತಿಂಗಳೊಳಗೆ ಎರಡು ಸಲ ಹೊರಗೆ ತಂಗಿ ಬಂದೆವು. ಓಣಂ ರಜೆಯಲ್ಲಿ ರಾಣಿಪುರದ ಬೆಟ್ಟದ ಕ್ಯಾಬಿನ್. ಕ್ರಿಸ್‌ಮಸ್ ರಜೆಯಲ್ಲಿ ಪೊಸಡಿ ಗುಂಪೆಯ ಬುಡದಲ್ಲಿ, ಬಾಯಾರು ಕಡೆಯ ಒಂದು ತೋಟದ ಮನೆ. ಎರಡೂ ಸಲ ಶನಿವಾರ ಬೆಳಗ್ಗೆ ಹೊರಟು ಭಾನುವಾರ ಸಂಜೆ ವಾಪಸ್. ಹುಡುಗರು 11, ಹುಡುಗಿಯರು 5. ಜತೆಗೆ ನಾನು ಮತ್ತು ನಮ್ಮ ಟೀಚರಕ್ಕ. ಅಕ್ಕ ಬರುವುದಿಲ್ಲ ಅಂದಿದ್ದರೆ ಹುಡುಗಿಯರನ್ನು ಮನೆಯವರು ಕಳಿಸುತ್ತಲೇ ಇರಲಿಲ್ಲ, ಆ ಮಾತು ಬೇರೆ.

ಮೊದಲು ರಾಣಿಪುರ. ಮುಳ್ಳೇರಿಯ, ಬಂದಡ್ಕ ದಾಟಿ ಪಾಣತ್ತಡಿಯಲ್ಲಿ ತಿರುಗಿ ಮೇಲೆ ಹತ್ತಬೇಕು. 1970ರ ತನಕ ಮಾಡತ್ತುಮಲ ಎಂದು ಹೆಸರಿದ್ದ ಬೆಟ್ಟ ಇದು. ವ್ಯಾನಿನಿಂದ ಇಳಿದ ಕೂಡಲೇ ಮಕ್ಕಳು ಬಾಯಿ ಮುಚ್ಚಿದರು. ಅಷ್ಟು ಹಸಿರು, ಅಷ್ಟು ಮಂಜು. ಕ್ಯಾಬಿನ್ನುಗಳೂ ಫೋಟೋದಲ್ಲಿ ಇದ್ದ ಹಾಗೇ ಇದ್ದವು. ಮರದ ಗೋಡೆ, ಸಣ್ಣ ಜಗಲಿ, ಒಳಗೇ ಬಚ್ಚಲು. ನಾವು ತೆಗೆದುಕೊಂಡದ್ದು ನಾಲ್ಕು. ಮೂರರಲ್ಲಿ ನಾಲ್ಕು ನಾಲ್ಕು ಜನ ಗಂಡಸರು, ಒಂದರಲ್ಲಿ ಅಕ್ಕ ಮತ್ತು ಹುಡುಗಿಯರು, ಜಾಸ್ತಿ ಹಾಸಿಗೆ ಹಾಕಿಸಿಕೊಂಡು.

ನಾವು ತಪ್ಪಿದ್ದು ಇಲ್ಲೇ. ರಾತ್ರಿ ಊಟ ಮುಗಿದು ಮಳೆ ಶುರುವಾಯಿತು. ನಾಲ್ಕು ಬಾಗಿಲು ಮುಚ್ಚಿದವು. ಮೊದಲೇ ಗೆಳೆಯರಾದವರು ಒಂದೊಂದು ಕ್ಯಾಬಿನ್ ಹಿಡಿದಿದ್ದರು. ಒಂದರಲ್ಲಿ ಇಸ್ಪೀಟು, ಇನ್ನೊಂದರಲ್ಲಿ ನಿದ್ದೆ. ಹೊಸದಾಗಿ ಕ್ಲಬ್ಬಿಗೆ ಸೇರಿದ ಇಬ್ಬರು ಹುಡುಗರು ನನ್ನ ಕ್ಯಾಬಿನ್ನಿನಲ್ಲಿ ನನ್ನ ಮುಖ ನೋಡುತ್ತಾ ಕುಳಿತರು. ಮೊಬೈಲಿಗೆ ಸಿಗ್ನಲ್ ಕೂಡ ಇಲ್ಲ, ಪಾಪ.

ಬೆಳಗ್ಗೆ ನೀರಿಲ್ಲ. ರಾತ್ರಿ ಕರೆಂಟ್ ಹೋಗಿ ಮೋಟಾರು ಓಡಿರಲಿಲ್ಲ. ಏಳು ಜನರ ಸ್ನಾನಕ್ಕೆ ಟ್ಯಾಂಕಿ ಖಾಲಿ. ನೋಡಿಕೊಳ್ಳುವವರನ್ನು ಕೇಳಿದರೆ 'ಕರೆಂಟ್ ವರುಂ, ವರುಂ' ಎಂದು ನಗುತ್ತಾರೆ. ಅಡಿಗೆ ಮಾಡಲೂ ಬಿಡಲಿಲ್ಲ. ನಾವು ಹೊತ್ತುಕೊಂಡು ಹೋಗಿದ್ದ ಕುಚ್ಚಲಕ್ಕಿ ಹಾಗೇ ಬದಿಯಡ್ಕಕ್ಕೆ ವಾಪಸ್ ಬಂತು. ಬುಕ್ ಮಾಡುವಾಗ ಈ ವಿಷಯ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ ಅನ್ನಿ.

ಆದರೆ ಕಾಡಿನ ದಾರಿ? ಅದರಲ್ಲಿ ಮಾತೇ ಇಲ್ಲ. ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಹೊರಟರೆ ಮೊದಲು ಕತ್ತಲೆ ಕತ್ತಲೆ ಕಾಡು, ಆಮೇಲೆ ಒಮ್ಮೆಲೇ ಹುಲ್ಲಿನ ಬೆಟ್ಟ. ಆನೆ ಓಡಾಟ ಇದ್ದರೆ ದಾರಿ ಮುಚ್ಚುತ್ತಾರೆ, ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಧಾರಾಳ. ತೆಂಗಿನೆಣ್ಣೆಗೆ ಉಪ್ಪು ಕಲಸಿ ಮೊಣಕಾಲಿನವರೆಗೆ ಹಚ್ಚಿಸಿದ್ದೆ. ಒಬ್ಬ ಮಾತ್ರ 'ನನಗೆ ಶೂ ಇದೆ' ಅಂದ. ಕೆಳಗೆ ಬಂದು ಸಾಕ್ಸ್ ಬಿಚ್ಚಿದರೆ ಬಿಳಿ ಸಾಕ್ಸು ಅರ್ಧ ಕೆಂಪು, ಹಿಮ್ಮಡಿಯ ಮೇಲೆ ದ್ರಾಕ್ಷಿಯಷ್ಟು ದಪ್ಪದ್ದು ಒಂದು. ಅವನ ಕೂಗಿಗೆ ಕ್ಯಾಬಿನ್ನಿನವರೆಲ್ಲ ಹೊರಗೆ ಬಂದರು. ಎಲ್ಲರೂ ಒಟ್ಟಿಗೆ ಸೇರಿದ್ದು ಆಗಲೇ!

ಇನ್ನು ಗುಂಪೆ. ನೋಟಕ್ಕೆ ರಾಣಿಪುರದ ಎದುರು ಇದು ಬಡಪಾಯಿ. ಮುರಕಲ್ಲಿನ ಬೋಳು ಗುಡ್ಡೆ, ಡಿಸೆಂಬರಿನಲ್ಲಿ ಒಣಗಿದ ಮುಳಿಹುಲ್ಲು, ಎಲ್ಲೂ ನೆರಳಿಲ್ಲ. ಸಂಜೆ ಮಾತ್ರ ಹತ್ತಬೇಕು. ಪಡುವಣ ಕಡೆ ಸಮುದ್ರದಲ್ಲಿ ಸೂರ್ಯ ಮುಳುಗುವುದು ಚೆನ್ನಾಗಿ ಕಾಣುತ್ತದೆ. ಬೆಂಕಿ ಹಾಕುವ ಯೋಚನೆ ಗುಡ್ಡೆಯ ಮೇಲೆ ಬೇಡವೇ ಬೇಡ. ಒಂದು ಕಿಡಿ ಸಾಕು, ಹುಲ್ಲೆಲ್ಲ ಹೊತ್ತಿಕೊಳ್ಳುತ್ತದೆ.

ಗುಂಪೆ ಗೆದ್ದದ್ದು ಮನೆಯಲ್ಲಿ. ಹಳೆಯ ಹಂಚಿನ ಮನೆ, ಉದ್ದದ ಚಾವಡಿ. ಗಂಡುಮಕ್ಕಳೆಲ್ಲ ಚಾಪೆ ಹಾಸಿ ಸಾಲಾಗಿ ಅಲ್ಲೇ ಮಲಗಿದರು. ಹುಡುಗಿಯರಿಗೂ ಅಕ್ಕನಿಗೂ ಒಳಗಿನ ಕೋಣೆ. ಆದರೆ ನಡುರಾತ್ರಿವರೆಗೆ ಎಲ್ಲರೂ ಚಾವಡಿಯಲ್ಲೇ. ಕನ್ನಡ, ತುಳು, ಮಲಯಾಳ ಮೂರೂ ಭಾಷೆಯಲ್ಲಿ ಅಂತ್ಯಾಕ್ಷರಿ. ಅಕ್ಷರ ಸಿಗದಿದ್ದರೆ ಭಾಷೆ ಬದಲಿಸಬಹುದು ಎಂದು ಅವರೇ ಕಾನೂನು ಮಾಡಿಕೊಂಡರು. ರಾಣಿಪುರದಲ್ಲಿ ಬಾಯಿ ಬಿಡದ ಆ ಇಬ್ಬರು ಹುಡುಗರಲ್ಲಿ ಒಬ್ಬ ಇಲ್ಲಿ ಯಕ್ಷಗಾನದ ಪದ ಹಾಡಿದ. ಅವನಿಗೆ ಹಾಡಲು ಬರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ, ನನಗೆ ದೊಡ್ಡದು ಅದೇ. ಆ ಮನೆಗೆ ನೀರು ಸುರಂಗದ್ದು. ನಮ್ಮ ಕಾಸರಗೋಡಿನ ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಕೊರೆದು ನೀರು ತೆಗೆಯುತ್ತಾರಲ್ವಾ, ಅದು. ಮನೆಗಿಂತ ಎತ್ತರದಲ್ಲಿರುವುದರಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ. ಮೋಟಾರು ಬೇಡ, ಕರೆಂಟ್ ಬೇಡ. ತೋಟದ ಯಜಮಾನರು, ನಾವು ಮಾವ ಎನ್ನುವವರು, ಸುರಂಗದ ಅಳತೆಯನ್ನು ಕೋಲಿನಲ್ಲೇ ಹೇಳುತ್ತಾರೆ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಬಾಯಿಯ ಹತ್ತಿರ ನಿಂತರೆ ತಂಪು ಗಾಳಿ, ಒಳಗೆಲ್ಲೋ ಹನಿ ಬೀಳುವ ಸದ್ದು. ಒಬ್ಬ ಟಾರ್ಚ್ ಹಿಡಿದು ನುಗ್ಗಲು ಹೊರಟ. ಮಾವ ಅಂಗಿ ಹಿಡಿದು ಎಳೆದರು. 'ಮಾಣಿ, ನೋಡುವುದಾದರೆ ಇಲ್ಲಿಂದಲೇ ನೋಡು. ಒಳಗೆ ಬಾವಲಿಗಳ ಮನೆ.'

ಅಡಿಗೆ ಅಂಗಳದ ಮೂಲೆಯಲ್ಲಿ, ಮೂರು ಕಲ್ಲಿನ ಒಲೆ. ಉರಿಸಲು ತೆಂಗಿನ ಮಡಲು, ಕೊತ್ತಳಿಗೆ ಬೇಕಾದಷ್ಟು. ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ. ಮೊದಲ ಹಂಡೆ ಗಂಜಿ ತಳ ಹಿಡಿಯಿತು. ಯಾರೂ ಬಿಡಲಿಲ್ಲ.

ಖರ್ಚು: ರಾಣಿಪುರಕ್ಕೆ ತಲೆಗೆ 1,450 ರೂಪಾಯಿ, ವ್ಯಾನೇ ಅದರಲ್ಲಿ 500 ನುಂಗಿತು. ಗುಂಪೆಗೆ ಬಸ್ಸು, ಜೀಪು, ಅಕ್ಕಿ, ಮನೆ ಬಾಡಿಗೆ ಎಲ್ಲ ಸೇರಿ 520.

ಟೆಂಟ್ ಬಗ್ಗೆಯೂ ಕೆಲವರು ಕೇಳಿದರು. ಕ್ಲಬ್ಬಿನ ಅಂಗಳದಲ್ಲೇ ಒಂದು ರಾತ್ರಿ ಹಾಕಿ ನೋಡಿದೆವು. ಸೆಕೆ. ಬೆಳಗಾಗುವಾಗ ಎಲ್ಲರೂ ಹೊರಗೆ ಮಲಗಿದ್ದರು.

ಹುಡುಗಿಯರ ಓಟು ಮಾತ್ರ ರಾಣಿಪುರಕ್ಕೆ. ಅವರು ಹೇಳುವುದು ಸರಿಯೇ. ಗುಂಪೆಯ ಮನೆಯಲ್ಲಿ ಬಚ್ಚಲು ಒಂದೇ, ಅದೂ ಹೊರಗೆ, ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಕಾವಲು. ಆರು ಜನರ ಸರದಿ ಮುಗಿಯುವಾಗ ಗಂಟೆ ಹತ್ತಾಯಿತು. ಕ್ಯಾಬಿನ್ನಿನಲ್ಲಿ ನೀರಿಲ್ಲದಿದ್ದರೂ ಚಿಲಕ ಇತ್ತು ಎಂದು ಒಬ್ಬಳು ನನ್ನ ಮುಖಕ್ಕೇ ಹೇಳಿದಳು. ನಾನು ನೀರನ್ನೇ ಹಿಡಿದು ಕುಳಿತಿದ್ದೆ, ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಬೇಸಿಗೆ ರಜೆಗೆ ಮತ್ತೆ ಗುಂಪೆಯ ಮನೆಯನ್ನೇ ಕೇಳಿದ್ದೇನೆ. ಮೊನ್ನೆ ಮಾವನಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು ಚಿಲಕದ ಸುದ್ದಿ. ಹಾಕಿಸಿದ್ದಾರಂತೆ. ಹಿಂದಿನ ಕೊಟ್ಟಿಗೆಯ ಪಕ್ಕ ಇನ್ನೊಂದು ಬಚ್ಚಲಿಗೆ ಕಲ್ಲೂ ಇಳಿಸಿದ್ದಾರಂತೆ, ಕಟ್ಟಲು ನಿಮ್ಮ ಹುಡುಗರನ್ನು ಕಳಿಸಿ ಅಂದರು.