ಲಂಡನ್‌ಗೂ ಪ್ಯಾರಿಸ್‌ಗೂ ಒಂದೇ ಅಡಾಪ್ಟರ್ ಸಾಕೇ?

ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಸಿಗುವ, ಪಿನ್ ಜಾರಿಸುವ ಯುನಿವರ್ಸಲ್ ಅಡಾಪ್ಟರ್ ಫೋನು, ಲ್ಯಾಪ್‌ಟಾಪಿಗೆ ಸಾಕು. ವೋಲ್ಟೇಜಿನ ಚಿಂತೆಯಿಲ್ಲ, ಬ್ರಿಟನ್, ಫ್ರಾನ್ಸ್, ಮೈಸೂರು ಮೂರೂ ಕಡೆ 230 ವೋಲ್ಟ್, 50 ಹರ್ಟ್ಜ್. ತಕರಾರೆಲ್ಲ ಪಿನ್ನಿನದು. ಬ್ರಿಟನ್ನಿನ ಬಹುತೇಕ ಸಾಕೆಟ್‌ಗಳಲ್ಲಿ ಉದ್ದನೆಯ ಅರ್ತ್ ಪಿನ್ ಒಳಹೋದರೇನೇ ಉಳಿದೆರಡು ತೂತಿನ ಮುಚ್ಚಳ ತೆರೆಯುವುದು. ಯುರೋಪಿನ ಎರಡು ಪಿನ್ ಪ್ಲಗ್ ಅಲ್ಲಿ ಒಳಹೋಗದಿರುವುದು ಇದಕ್ಕೇ. ಪೆನ್ನು ತುರುಕಿ ತೆರೆಯುವ ಜಾಣತನ ಬೇಡ.

ಇಂಥ ಅಡಾಪ್ಟರುಗಳಲ್ಲಿ ಆ ಅರ್ತ್ ಪಿನ್ ಸಾಮಾನ್ಯವಾಗಿ ಬರೀ ಪ್ಲಾಸ್ಟಿಕ್; ಅರ್ತ್ ದಾಟುವುದಿಲ್ಲ. ಇಸ್ತ್ರಿಪೆಟ್ಟಿಗೆ ಹಾಕಲೇಬಾರದು. ಅಡಾಪ್ಟರಿನ ಮೈಮೇಲೆ 6 ಆಂಪ್ ಎಂದಿದ್ದರೆ ಲೆಕ್ಕಕ್ಕೆ 1380 ವಾಟ್. ಬ್ರಿಟನ್ನಿನ 3000 ವಾಟ್ ಕೆಟಲ್‌ಗೆ 13 ಆಂಪ್ ಬೇಕು, ಫ್ಯೂಸ್ ಹೋಗುವುದು ಖಂಡಿತ. ಫ್ರಾನ್ಸಿನ ಸಾಕೆಟ್ ಗುಂಡಗಿನ ಕುಳಿ. ಚೌಕ ಮೈಯ ಅಡಾಪ್ಟರ್ ಪೂರ್ತಿ ಕೂರದೆ ಜೋತಾಡುತ್ತದೆ. ಕೊಳ್ಳುವಾಗ ಹೆಚ್ಚುವರಿ ಫ್ಯೂಸ್ ಕೇಳಿ ಪಡೆಯಿರಿ.